ಗೌರವಧನಕ್ಕೂ ಉಪದಾನ

ಬೇಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದ ನನ್ನ ಚಿಕ್ಕಮ್ಮ ನಿವೃತ್ತರಾದ ಮೇಲೆ, ಉಪದಾನದ, ಅಂದರೆ ಗ್ರಾಚ್ಯುಟಿಯ, ವಿಚಾರ ಕೇಳಲು ಅವರೊಡನೆ ಕಚೇರಿಯೊಂದಕ್ಕೆ ಹೋಗಿದ್ದೆ. ‘ನೀವು ಸರ್ಕಾರಿ ನೌಕರರಲ್ಲವಮ್ಮ, ನಿಮಗೆ ಬರುತ್ತಿದ್ದುದು ಸಂಬಳವಲ್ಲ, ಗೌರವಧನ’ ಎಂಬ ಉತ್ತರ ದೊರೆಯಿತು. ಅವರಂದ ಮೊದಲರ್ಧ ನಿಜವೇ. ಆ ನಿಜವೇ ಚಿಕ್ಕಮ್ಮನ ಪರವಾಗಿದೆ ಎಂಬುದು ಅವರಿಗೆ ತಿಳಿದಂತಿರಲಿಲ್ಲ.

ಕಾರ್ಮಿಕರ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಸಂಸತ್ತೂ ರಾಜ್ಯಗಳೂ ಅದರ ಬಗ್ಗೆ ಕಾನೂನು ಮಾಡಬಹುದು. ಸಂಸತ್ತಿನ ಕಾನೂನಿಗೂ ರಾಜ್ಯದ ಕಾನೂನಿಗೂ ವಿರೋಧ ಬಂದರೆ, ರಾಜ್ಯದ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತವಿಲ್ಲದಿದ್ದಲ್ಲಿ, 254ನೇ ವಿಧಿಯಂತೆ ಸಂಸತ್ತಿನದೇ ಮೇಲು. 1972ರ ಉಪದಾನ ಪಾವತಿ ಕಾಯ್ದೆಯಂತೂ ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ತನ್ನ ಮಾತೇ ನಡೆಯತಕ್ಕದ್ದೆಂದು 14ನೇ ಕಲಮಿನಲ್ಲಿ ಸಾರಿತ್ತು. ಹಾಗೆಂದು ರಾಜ್ಯದ ಸೇವಾ ನಿಯಮಗಳೆಲ್ಲ ಅದರೆದುರು ಬಿದ್ದುಹೋಗುತ್ತಿರಲಿಲ್ಲ. ಸರ್ಕಾರದ ಅಧೀನದಲ್ಲಿ ಹುದ್ದೆ ಹೊಂದಿ, ಉಪದಾನ ಕೊಡುವ ಬೇರೆ ನಿಯಮಗಳಿಗೆ ಒಳಪಟ್ಟವರನ್ನು ಕಾಯ್ದೆ ತಾನಾಗಿಯೇ ಹೊರಗಿಟ್ಟಿತ್ತು.

ಸ್ವಾರಸ್ಯವಿರುವುದು ಇಲ್ಲಿಯೇ. ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಹುದ್ದೆ, ಅಂದರೆ ಸರ್ಕಾರದ ಅಧೀನದ ಹುದ್ದೆ, ಅಲ್ಲವೆಂದು ವಾದಿಸಿ, 2006ರಲ್ಲಿ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ನಮ್ಮ ಕರ್ನಾಟಕ ಸರ್ಕಾರವೇ. ಹುದ್ದೆಯೇ ಇಲ್ಲದವರಿಗೆ ಹುದ್ದೆಯವರನ್ನು ಹೊರಗಿಡುವ ಕಲಮು ಹೇಗೆ ಅನ್ವಯಿಸೀತು? ಗೆದ್ದ ವಾದ ತಿರುಗುಬಾಣವಾಯಿತೆಂದೇ ನಾನು ತಿಳಿದಿದ್ದೇನೆ. ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ, 2022ರ ಏಪ್ರಿಲ್ 25ರಂದು, ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರ ಪೀಠವು ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಕಾಯ್ದೆ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಹೆಸರು ಗೌರವಧನವಾದರೂ ಅದು ಮಾಡಿದ ಕೆಲಸಕ್ಕೆ ಸಲ್ಲುವ ವೇತನವೇ ಎಂದೂ, 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿಯ ಕೆಲಸ ಶಾಸನಬದ್ಧ ಕರ್ತವ್ಯವಾಗಿದೆಯೆಂದೂ ಪೀಠ ಕಂಡುಕೊಂಡಿತು. ಬೆಳಗ್ಗೆ ಮಕ್ಕಳಿಗೆ ಅಕ್ಷರ, ಮಧ್ಯಾಹ್ನ ಊಟ, ಸಂಜೆ ಬಸುರಿ ಬಾಣಂತಿಯರ ಮನೆಭೇಟಿ ಮಾಡಿದವರನ್ನು ‘ಗೌರವ ಸೇವಕಿ’ ಎಂದು ಕರೆಯುವುದು ನನಗಂತೂ ಎಂದೂ ಒಪ್ಪಿಗೆಯಾಗಿರಲಿಲ್ಲ.

ಲೆಕ್ಕ ಸರಳವಾಗಿತ್ತು: ಕೊನೆಯ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಹತ್ತು ಸಾವಿರವೆಂದು ಹಿಡಿದರೂ ಮೂವತ್ತು ವರ್ಷಕ್ಕೆ ಸುಮಾರು 1,73,000 ರೂಪಾಯಿ. ಅರ್ಜಿಗೆ ಮೂವತ್ತು ದಿನಗಳ ಗಡುವಿದ್ದರೂ ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಅಳಿಯದೆಂದು ನಿಯಮದಲ್ಲಿತ್ತು.

ಚಿಕ್ಕಮ್ಮ ಲೆಕ್ಕವನ್ನು ಎರಡು ಸಲ ಓದಿಸಿಕೊಂಡು, ನೇಮಕಾತಿ ಆದೇಶ ಹುಡುಕಬೇಕು, ಅಟ್ಟದ ಮೇಲಿನ ಟ್ರಂಕು ಇಳಿಸಿಕೊಡು ಎಂದರು.