ಉದ್ರಿ ಸಿಗೋವರೆಗೆ

ಕಲಬುರಗಿಯಲ್ಲಿ ಗುರುತಿನವರು ಎಲ್ಲೇ ಸಿಗಲಿ, ಸೂಪರ್ ಮಾರ್ಕೆಟ್‌ನಲ್ಲಾಗಲಿ, ಗಂಜ್‌ನಲ್ಲಾಗಲಿ, ಎರಡು ಪ್ರಶ್ನೆ ಖಾಯಂ. "ರೊಕ್ಕ ಎಷ್ಟು ಕೊಟ್ರು?" ಆಮೇಲೆ, "ಅಷ್ಟು ದೂರದಾಗ ಹೊಂದ್ಕೊಳ್ಳಾಕ ಎಷ್ಟು ದಿನ ಹಿಡೀತು?" ನಾನು ಆಫ್ರಿಕಾದ ಮಲಾವಿಯಲ್ಲಿ ಒಂದು ವರ್ಷ ಸ್ವಯಂಸೇವಕನಾಗಿ ಇದ್ದು ಬಂದದ್ದು ಗೊತ್ತಿರುವವರೆಲ್ಲ ಕೇಳುತ್ತಾರೆ. ಹಾಗೆ ಹೊರಡುವ ತಯಾರಿಯಲ್ಲಿರುವ ಹುಡುಗರು ಇನ್ನೂ ಜಾಸ್ತಿ ಕೇಳುತ್ತಾರೆ.

ಮೊದಲನೆಯದಕ್ಕೆ ಉತ್ತರ ಸಣ್ಣದು. ಸಂಬಳ ಅಂತ ಇರಲಿಲ್ಲ. ಬಾಡಿಗೆಗೆ, ಊಟಕ್ಕೆ, ಓಡಾಟಕ್ಕೆ ಸಾಕಾಗುವಷ್ಟು ಭತ್ಯೆ, ವಿಮಾನದ ಟಿಕೆಟ್, ಆರೋಗ್ಯ ವಿಮೆ. ಜರ್ಮನಿಯ ಬಾನ್‌ನಲ್ಲಿ ಮುಖ್ಯ ಕಚೇರಿ ಇರುವ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ ಕೂಡ ಕೊಡುವುದು ಜೀವನ ಭತ್ಯೆಯನ್ನೇ, ಸಂಬಳವನ್ನಲ್ಲ. ಅದರಲ್ಲಿ ಉಳಿಸಿ ಪ್ಲಾಟ್ ಕೊಂಡೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದಕ್ಕೆ ನನ್ನ ಉತ್ತರ: ಉದ್ರಿ ಸಿಗೋವರೆಗೆ. ನನಗೆ ನಾಲ್ಕು ತಿಂಗಳು ಹಿಡಿಯಿತು.

ಜನ ನಗುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊರಟದ್ದು 2018ರ ಜೂನ್‌ನಲ್ಲಿ. ಕಲಬುರಗಿಯ ವಿಮಾನ ನಿಲ್ದಾಣ ಆಗಿನ್ನೂ ಶುರುವಾಗಿರಲಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈ, ಅಲ್ಲಿಂದ ಅಡಿಸ್ ಅಬಾಬಾ, ಅಲ್ಲಿಂದ ಮಲಾವಿಯ ಬ್ಲಾಂಟೈರ್, ಆಮೇಲೆ ರಸ್ತೆಯಲ್ಲಿ ಜೊಂಬಾ. ಆಫ್ರಿಕಾ ಅಂದ್ರೆ ಬಿಸಿಲು ಅಂದುಕೊಂಡು ಬರೀ ತೆಳು ಹತ್ತಿ ಅಂಗಿ ಒಯ್ದಿದ್ದೆ. ನಮ್ಮ ಮೇ ತಿಂಗಳನ್ನು ಉಂಡವನಿಗೆ ಇನ್ಯಾವ ಬಿಸಿಲು ಅಂತ ಜಂಬ ಬೇರೆ. ಭೂಮಧ್ಯರೇಖೆಯ ಆಚೆಗೆ ಜೂನ್, ಜುಲೈ ಚಳಿಗಾಲ ಅಂತ ಶಾಲೆಯಲ್ಲಿ ಓದಿದ್ದು ನೆನಪಾದದ್ದು ಹಲ್ಲು ಕಟಕಟ ಅಂದಾಗಲೇ. ಜೊಂಬಾ ದೊಡ್ಡ ಗುಡ್ಡದ ಬುಡದಲ್ಲಿದೆ. 1975ರವರೆಗೆ ದೇಶದ ರಾಜಧಾನಿ ಅದೇ. ಆ ಹಳೆಯ ರಾಜಧಾನಿಯಲ್ಲಿ ನಾನು ಕೊಂಡ ಮೊದಲ ವಸ್ತು, ಸಂತೆಯಲ್ಲಿ ರಾಶಿ ಹಾಕಿದ್ದ ಯಾರೋ ಹಾಕಿ ಬಿಟ್ಟ ಸ್ವೆಟರ್.

ಅವ್ವ 5 ಕಿಲೋ ಜೋಳದ ಹಿಟ್ಟು ಕಟ್ಟಿಕೊಟ್ಟಿದ್ದಳು. ಅದೂ ದಡ್ಡತನವೇ. ಜೋಳದ ಹಿಟ್ಟು ಹಳೆಯದಾದಂತೆ ಜಿಗಿ ಹೋಗುತ್ತದೆ. ಎಷ್ಟು ಬಿಸಿನೀರು ಹಾಕಿ ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ. ಮೂರನೇ ವಾರದಿಂದ ನಾನು ತಿಂದದ್ದು ರೊಟ್ಟಿಯಲ್ಲ, ಚೂರು. ಅಷ್ಟರಲ್ಲಿ ಅಲ್ಲಿನ ನ್ಸಿಮಾ ಒಗ್ಗಿಹೋಗಿತ್ತು. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಲ್ಲಿ ತಿರುವಿ ತಿರುವಿ ಗಟ್ಟಿ ಮಾಡುತ್ತಾರೆ. ಸಂಗಟಿ ತಿಂದು ಬೆಳೆದವನಿಗೆ ಅದರಲ್ಲೇನು ಹೊಸತು? ಊಟಕ್ಕೆ ಮುಂಚೆ ಒಬ್ಬರು ಕೈಗೆ ನೀರು ಹಾಕುತ್ತಾರೆ. ಬಲಗೈಯಲ್ಲೇ ಉಣ್ಣುತ್ತಾರೆ. ಕರೆಂಟ್ ಹೋಗುತ್ತದೆ, ಬರುತ್ತದೆ. ಸಿಮ್ ಕೊಳ್ಳಲು ಹೋದರೆ ಅಲ್ಲೂ ಏರ್‌ಟೆಲ್ಲೇ. ಊಟ, ನೀರು, ಫೋನು ಇವನ್ನೆಲ್ಲ ಜನ ಸುಮ್ನೆ ದೊಡ್ಡದು ಮಾಡುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಕಷ್ಟ ಇದ್ದದ್ದು ಬೇರೆ ಕಡೆ.

ಭಾರತದ ಮೂಲದವರನ್ನು ಅಲ್ಲಿ ಅಮ್ವೆನ್ಯೆ ಅನ್ನುತ್ತಾರೆ. ಗುಜರಾತಿನ ಕಡೆಯಿಂದ ಹೋದ ವ್ಯಾಪಾರಿ ಕುಟುಂಬಗಳು ತಲೆಮಾರುಗಳಿಂದ ಅಲ್ಲಿವೆ. ಹಾಗಾಗಿ ಹಳ್ಳಿಯವರಿಗೆ ಭಾರತದವನು ಅಂದ್ರೆ ಅಂಗಡಿ, ಗೋದಾಮು, ತಕ್ಕಡಿ. ಅದರ ಮೇಲೆ, ನಾನು ಕೆಲಸ ಮಾಡಬೇಕಿದ್ದ ಹಳ್ಳಿಗಳ ಬೆಳೆ ಯಾವುದು ಹೇಳಿ ನೋಡೋಣ? ತೊಗರಿ! ಅವರ ಚಿಚೆವಾ ಭಾಷೆಯಲ್ಲಿ ನಾಂಡೋಲೋ. ವರ್ಷದ ಕೊನೆಗೆ ಮಳೆ ಶುರುವಾದಾಗ ಮೆಕ್ಕೆಜೋಳದ ಜೊತೆಗೇ ಬಿತ್ತುತ್ತಾರೆ. ಮೆಕ್ಕೆಜೋಳ ಮನೆಗೆ ಬಂದ ಮೇಲೂ ತೊಗರಿ ಹೊಲದಲ್ಲಿ ನಿಂತಿರುತ್ತದೆ, ಜುಲೈಯಿಂದ ಕೊಯ್ಲು. ಹಸಿ ಕಾಯಿಗೆ ಉಪ್ಪು ಹಾಕಿ ಕುದಿಸಿ ತಿನ್ನುವುದು ನಮ್ಮ ಹಾಗೇ. ಬೇಳೆ ಮಾತ್ರ ಒಡೆಯುವುದಿಲ್ಲ, ಇಡೀ ಕಾಳನ್ನೇ ಬೇಯಿಸುತ್ತಾರೆ. ಆಳಂದ ಕಡೆಯ ಹೊಲದಲ್ಲಿ ಬೆಳೆದ ನನಗೆ ಆ ಗಿಡ ಕಂಡು ಆದ ಖುಷಿ ಅಷ್ಟಿಷ್ಟಲ್ಲ.

ಆ ಗಿಡವೇ ಅಡ್ಡ ಬಂತು. 2015ರಲ್ಲಿ ನಮ್ಮಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ನೆನಪಿದೆ ಅಲ್ವಾ? ಆಗ ಪೂರ್ವ ಆಫ್ರಿಕಾದ ತೊಗರಿಗೆ ನಮ್ಮಿಂದ ಭಾರಿ ಬೇಡಿಕೆ ಹೋಯಿತು. ಮುಂದಿನ ಹಂಗಾಮಿನಲ್ಲಿ ನಮ್ಮಲ್ಲೇ ಮಿಕ್ಕಿ ಬೆಳೆದು ರೇಟು ಬಿತ್ತು. 2017ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಅಂತ ಮಿತಿ ಹಾಕಿತು. ಅಲ್ಲಿ ರೇಟು ನೆಲ ಕಚ್ಚಿತು. ಅದರ ಮರುವರ್ಷ ನಾನು ಹೋಗಿ ನಿಂತೆ.

ನಾನು ಹೋದದ್ದು ಕಾಳಿಗೆ ನುಸಿ ಹಿಡಿಯದಂತೆ ಇಡುವುದು ಹೇಗೆ ಅಂತ ಮಾತಾಡಲು. ಮೊದಲ ಸಭೆಯಲ್ಲೇ ಒಬ್ಬ ವಯಸ್ಸಾದ ರೈತ ಎದ್ದು ನಿಂತ. "ನುಸಿ ಇರಲಿ. ನಿಮ್ಮ ದೇಶ ಕೊಳ್ಳೋದು ಯಾಕೆ ನಿಲ್ಲಿಸಿತು?" ನನ್ನ ಕಿವಿಯಲ್ಲಿ ಅಪ್ಪನ ಮಾತು ಗುಂಯ್ ಅನ್ನುತ್ತಿತ್ತು: "ಹೊರಗಿನ ತೊಗರಿ ಬಂದು ನಮ್ಮ ರೇಟು ಬಿತ್ತು." ಇಬ್ಬರಲ್ಲಿ ಯಾರದು ತಪ್ಪು? ನಾನೂ ತೊಗರಿ ಬೆಳೆಯುವವನ ಮಗನೇ ಅಂದೆ. ದುಭಾಷಿ ಹೇಳಿದ. ಯಾರೂ ನಂಬಲಿಲ್ಲ. ತೊಗರಿ ಕೊಳ್ಳುವ ಭಾರತೀಯರನ್ನು ಅವರು ಕಂಡಿದ್ದರು, ಬೆಳೆಯುವವನನ್ನು ಕಂಡಿರಲಿಲ್ಲ. ಸಭೆ ಮುಗಿದ ಮೇಲೆ ಅದೇ ರೈತ ಚೀಲ ಬಿಚ್ಚಿ ತೋರಿಸಿದ. "ಬ್ವಾನಾ, ಕಿಲೋಗೆ ಎಷ್ಟು ಕೊಡ್ತೀರಿ?" ಬ್ವಾನಾ ಅಂದರೆ ಧಣಿ.

ಹೋದಲ್ಲೆಲ್ಲ ಬ್ವಾನಾ. ಒಳ್ಳೆಯ ಕುರ್ಚಿ ನನಗೇ. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಬಾಗಿಲು ಮುಚ್ಚಿದ್ದಕ್ಕಿಂತ ಈ ಮರ್ಯಾದೆ ಕೆಟ್ಟದ್ದು. ರಾತ್ರಿ ಮನೆಗೆ ಫೋನ್ ಮಾಡೋಣ ಅಂದರೆ ಅಲ್ಲಿ ಏಳು ಗಂಟೆಗೆ ಇಲ್ಲಿ ಹತ್ತೂವರೆ, ಅಪ್ಪ ಮಲಗಿರುತ್ತಿದ್ದ. ಎರಡು ಸಲ ವಾಪಸ್ ಟಿಕೆಟ್ ವಿಚಾರಿಸಿದ್ದೂ ಉಂಟು. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಅಕ್ಟೋಬರ್‌ನಲ್ಲಿ ಭತ್ಯೆ ತಡವಾಯಿತು. ಯಾವುದೋ ಕಾಗದ ಎಲ್ಲೋ ಸಿಕ್ಕಿಕೊಂಡಿತ್ತು. ಎರಡು ವಾರ ಕೈ ಖಾಲಿ. ಮನೆಗೆ ಕೇಳಿದರೆ "ಮೊದಲಽ ಹೇಳಿದ್ದೆ" ಅನ್ನುವುದನ್ನು ಕೇಳಬೇಕು. ನನ್ನ ಬಾಡಿಗೆ ಮನೆಯ ಪಕ್ಕ ಒಂದು ಡಬ್ಬಾ ಅಂಗಡಿ. ನಡೆಸುತ್ತಿದ್ದ ಹೆಂಗಸನ್ನು ಎಲ್ಲರ ಹಾಗೆ ನಾನೂ ಅಮಾಯಿ ಅನ್ನುತ್ತಿದ್ದೆ. ಅಮ್ಮ ಅಂತಲೇ ಅರ್ಥ. ಅಂಗಡಿಯ ಕಂಬಕ್ಕೆ ಒಂದು ರಟ್ಟು ಕಟ್ಟಿದ್ದಳು, ಅದರಲ್ಲಿ ನ್ಗೊಂಗೋಲೆ ಅನ್ನುವ ಪದ. ಅಂದರೆ ಸಾಲ. ಸಾಲ ಕೇಳಬೇಡಿ ಅಂತ. ನಮ್ಮ "ಇಂದು ನಗದು ನಾಳೆ ಉದ್ರಿ" ಬೋರ್ಡಿನ ಅಣ್ಣತಮ್ಮ.

ಆ ರಟ್ಟಿನ ಕೆಳಗೇ ನಿಂತು ನನ್ನ ಹರಕು ಚಿಚೆವಾದಲ್ಲಿ ಉದ್ರಿ ಕೇಳಿದೆ. ಆಕೆಗೆ ಮೊದಲು ಅರ್ಥ ಆಗಲಿಲ್ಲ. ಆದ ಮೇಲೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದ ಟೊಮೆಟೊದವಳನ್ನು ಕೂಗಿ ಕರೆದಳು. ಮ್ವೆನ್ಯೆ ಸಾಲ ಕೇಳ್ತಿದ್ದಾನೆ, ಬಾ ನೋಡು! ಭಾರತದವನು ಸಾಲ ಕೊಡುವುದನ್ನು ಆ ಊರು ನೋಡಿತ್ತು. ಕೇಳುವುದನ್ನು ಅವತ್ತೇ ನೋಡಿದ್ದು. ನಗು ಮುಗಿದ ಮೇಲೆ ಎರಡು ಕಿಲೋ ಹಿಟ್ಟು, ಒಂದು ಸಾಬೂನು, ನಾಲ್ಕು ಟೊಮೆಟೊ ಕೊಟ್ಟು ಹಳೆಯ ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬರೆದುಕೊಂಡಳು. ತಪ್ಪಾಗಿ ಬರೆದಳು, ಇರಲಿ.

ಸುದ್ದಿ ನನಗಿಂತ ಮುಂಚೆ ಹಳ್ಳಿ ತಲುಪಿತ್ತು. ಮುಂದಿನ ವಾರ ಆ ರೈತ ಬ್ವಾನಾ ಅನ್ನಲಿಲ್ಲ. "ಅಮಾಯಿ ಹತ್ರ ಸಾಲ ಮಾಡಿದ್ದು ನಿಜವೇನು?" ಅಂದ. ನಿಜ ಅಂದೆ. ಕುರ್ಚಿ ತರಿಸಲಿಲ್ಲ, ಚಾಪೆಯ ಮೇಲೆ ಜಾಗ ಬಿಟ್ಟ. "ನಿಮ್ಮಪ್ಪನಿಗೆ ಈ ವರ್ಷ ಎಷ್ಟು ಸಿಕ್ತು?" ಹೇಳಿದೆ. ಇಬ್ಬರೂ ದಲ್ಲಾಳಿಗಳನ್ನು ಬೈದುಕೊಂಡೆವು. ಆಮೇಲೆ ಅವನ ಹೆಂಡತಿ ಕಾಳು ಇಟ್ಟ ಗಡಿಗೆ ತೋರಿಸಿದಳು, ಮೇಲೆ ಬೂದಿ ಬೆರೆಸಿತ್ತು. ಅವ್ವನೂ ಹಾಗೇ ಇಡುತ್ತಾಳೆ ಅಂದೆ. ನನ್ನ ನುಸಿಯ ಪಾಠ ಶುರುವಾದದ್ದು ಅಲ್ಲಿಂದ.

2021ರಲ್ಲಿ ಮಲಾವಿಯಿಂದ ವರ್ಷಕ್ಕೆ 50 ಸಾವಿರ ಟನ್ ತೊಗರಿ ಕೊಳ್ಳುವ ಒಪ್ಪಂದ ಆಯಿತು. ಅಪ್ಪ ಆ ಸುದ್ದಿಯನ್ನು ಪೇಪರಿನಲ್ಲಿ ಎರಡು ಸಲ ಓದಿ, ಕನ್ನಡಕ ಕೆಳಗಿಳಿಸಿ, ನಾನೇ ಲಾರಿ ತುಂಬಿಸಿ ಕಳಿಸಿದವನ ಹಾಗೆ ನನ್ನನ್ನು ನೋಡಿದ.

"ಇವ್ರು ನಿನ್ನ ಮಂದೀನಽ ಏನು?"

ಹೌದು ಅಂದೆ. ಆ ರಾತ್ರಿ ಊಟದ ಹೊತ್ತಿಗೆ ಇಬ್ಬರೂ ರೇಟಿನ ಮಾತು ಎತ್ತಲಿಲ್ಲ.