‘ನಗುತ್ತಾ ಕೊಟ್ಟಳು’ ಇಂಗ್ಲಿಷಿಗೆ ಹೋಗುವಾಗ

ಬೇಲೂರಿನ ಗೈಡ್‌ಗಳಿಗೂ ಸಕಲೇಶಪುರದ ಹೋಂಸ್ಟೇ ಹುಡುಗ ಹುಡುಗಿಯರಿಗೂ ಇಂಗ್ಲಿಷ್ ಹೇಳಿಕೊಡುವ ಕೆಲಸದಲ್ಲಿ ನಮ್ಮ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ನಗುವಿನ ಮೇಲೆ. ‘ನಗುತ್ತಾ ಕಾಫಿ ಕೊಟ್ಟಳು’ ಅನ್ನುವುದು ‘ಬೈ ಸ್ಮೈಲಿಂಗ್ ಷಿ ಗೇವ್ ಕಾಫಿ’ ಆಗುತ್ತದೆ. ‘ಬೈ’ ಬಂತೆಂದರೆ ನಗು ಒಂದು ಸಾಧನವಾಗಿಬಿಡುತ್ತದೆ, ಲೋಟದ ಬದಲು ನಗುವಿನಲ್ಲೇ ಕಾಫಿ ಕೊಟ್ಟ ಹಾಗೆ. ಮಾತಿನಲ್ಲಿ ಸಹಜವಾದದ್ದು ‘ಷಿ ಗೇವ್ ಅಸ್ ಕಾಫಿ ವಿತ್ ಎ ಸ್ಮೈಲ್’. ಆ ‘ಎ’ ಬಿಡಬಾರದು.

ಯಾವ ರೂಪ ಬೇಕೆಂದು ಕನ್ನಡದ ಕೃದಂತಾವ್ಯಯವೇ, ಅಂದರೆ ‘ನಕ್ಕು’, ‘ನಗುತ್ತಾ’ ಎಂಬಂಥ ಬದಲಾಗದ ಕ್ರಿಯಾರೂಪವೇ, ಅರ್ಧ ಹೇಳಿಬಿಡುತ್ತದೆ. ‘ನಕ್ಕು ಹೇಳಿದಳು’ ಎಂದರೆ ನಗು ಮೊದಲು, ಮಾತು ಆಮೇಲೆ: ‘ಸ್ಮೈಲ್ಡ್ ಅಂಡ್ ಸೆಡ್’. ನಮ್ಮಲ್ಲಿ ‘ನಕ್ಕು ಹೇಳಿದಳು’, ‘ನಕ್ಕು ಹೇಳುತ್ತಾಳೆ’ ಎರಡರಲ್ಲೂ ‘ನಕ್ಕು’ ಬದಲಾಗುವುದಿಲ್ಲ, ಕಾಲ ಗೊತ್ತಾಗುವುದು ಕೊನೆಯ ಕ್ರಿಯಾಪದದಲ್ಲಿ ಮಾತ್ರ. ‘ಸ್ಮೈಲ್ ಅಂಡ್ ಸೆಡ್’ ಎಂಬ ತಪ್ಪು ಹುಟ್ಟುವುದು ಅಲ್ಲಿಂದಲೇ. ಇಂಗ್ಲಿಷಿನಲ್ಲಿ ‘ಅಂಡ್’ನ ಎರಡೂ ಕಡೆ ಕಾಲ ಹಚ್ಚಬೇಕು.

‘ನಗುತ್ತಾ’ ಎಂದರೆ ಎರಡೂ ಒಟ್ಟಿಗೆ. ‘ಷಿ ಸೆಡ್, ಸ್ಮೈಲಿಂಗ್’ ಎಂದು ಬರೆಯುವಾಗ ನಡುವೆ ಕಾಮಾ ಇರಲಿ. ಇಲ್ಲಿ ಎಡವುವ ಜಾಗ ಬೇರೆಯೇ ಇದೆ. ‘ಸ್ಮೈಲಿಂಗ್, ಕಾಫಿ ವಾಸ್ ಸರ್ವ್ಡ್’ ಎಂದು ಬರೆದರೆ ನಗುವುದು ಕಾಫಿ! ವಾಕ್ಯದ ಮೊದಲಿಗೆ ಬಂದ ‘ಸ್ಮೈಲಿಂಗ್’ ಮುಂದಿನ ಕರ್ತೃಪದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಕರ್ತೃ ಬಿಟ್ಟರೂ ‘ಕೊಟ್ಟರು’, ‘ಕೊಟ್ಟಳು’ ಎಂಬ ಪ್ರತ್ಯಯವೇ ಯಾರು ಅಂತ ಹೇಳುತ್ತದೆ. ‘ಗೇವ್’ಗೆ ಆ ಬಾಲವಿಲ್ಲ, ಹಾಗಾಗಿ ಆಳನ್ನು ಹೆಸರಿಸಲೇಬೇಕು. ನಗುವವರು ಒಬ್ಬರು, ಇನ್ನೊಂದು ಕೆಲಸ ಮಾಡುವವರು ಮತ್ತೊಬ್ಬರು ಆದಾಗ ‘ಆ್ಯಸ್’ ಹಿಡಿಯಿರಿ: ‘ಷಿ ಸ್ಮೈಲ್ಡ್ ಆ್ಯಸ್ ದ ಗೆಸ್ಟ್ಸ್ ಕೇಮ್ ಇನ್’.

ಬೇಲೂರು ದೇವಾಲಯದಲ್ಲಿ ಕನ್ನಡಿ ನೋಡುವ ಶಿಲ್ಪವಾದ ದರ್ಪಣಸುಂದರಿಯ ಮುಂದೆ ಗೈಡ್‌ಗಳಿಗೆ ಬೇಕಾದದ್ದೂ ಇದೇ ‘ಆ್ಯಸ್’, ಎರಡೂ ಕೆಲಸ ಒಬ್ಬಳೇ ಮಾಡಿದರೂ ಅದು ಸಲ್ಲುತ್ತದೆ. ‘ಸ್ಮೈಲಿಂಗ್ ಅಂಡ್ ಸೀಯಿಂಗ್ ದ ಮಿರರ್’ ಬೇಡ. ‘ಸೀ’ ಎಂದರೆ ಕಣ್ಣಿಗೆ ಬೀಳುವುದು, ಬೇಕೆಂದೇ ನೋಡುವುದಕ್ಕೆ ‘ಲುಕ್’. ‘ಷಿ ಸ್ಮೈಲ್ಸ್ ಆ್ಯಸ್ ಷಿ ಲುಕ್ಸ್ ಇಂಟು ದ ಮಿರರ್’ ಅನ್ನಿ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ ಮಾತಿಗೆ ಭೂತಕಾಲ, ಶಿಲ್ಪದ ಭಂಗಿಗೆ ವರ್ತಮಾನ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುವಾಗ ಕಾಲ ಕಲಸಿಹೋಗುತ್ತದೆ, ನಡುವೆ ನಿಲ್ಲಿಸಿ.

ನಿಜವಾಗಿ ದುಬಾರಿಯಾಗುವ ತಪ್ಪು ಪದದ್ದು. ‘ನಗು’ ನಮಗೆ ‘ಸ್ಮೈಲ್’, ‘ಲಾಫ್’ ಎರಡಕ್ಕೂ ಸಲ್ಲುತ್ತದೆ. ‘ಗೆಸ್ಟನ್ನು ನೋಡಿ ನಕ್ಕೆ’ ಎಂಬುದನ್ನು ‘ಲಾಫ್ಡ್ ಅಟ್ ದ ಗೆಸ್ಟ್’ ಅಂದರೆ ಬಂದವರನ್ನು ಗೇಲಿ ಮಾಡಿದೆ ಎಂದೇ ಅರ್ಥ. ‘ಸ್ಮೈಲ್ಡ್ ಅಟ್’ ಆದರೆ ಮರ್ಯಾದೆ. ಕನ್ನಡ ವಾಕ್ಯದಲ್ಲಿ ‘ಮುಗುಳ್ನಕ್ಕೆ’ ಇಟ್ಟು ನೋಡಿ, ಕೂತರೆ ‘ಸ್ಮೈಲ್’. ‘ನೋಡಿ’ಗೆ ಬೇರೆ ಪದ ಹುಡುಕಬೇಡಿ, ಆ ಕೆಲಸ ‘ಅಟ್’ ಮಾಡುತ್ತದೆ.

‘ಸ್ಮೈಲ್ಡ್ ಹರ್ ಥ್ಯಾಂಕ್ಸ್’ ಎಂಬ ರೂಪವೂ ಉಂಟು, ನಗುವಿನಲ್ಲೇ ಕೃತಜ್ಞತೆ ತೋರಿಸಿದಳು ಅಂತ. ಕಥೆಗೆ ಚೆಂದ, ಕೌಂಟರಿನಲ್ಲಿ ಬೇಕಾಗುವುದಿಲ್ಲ. ಸ್ಪೆಲ್ಲಿಂಗಿನಲ್ಲಿ ‘ಐಎನ್‌ಜಿ’ ಸೇರಿಸುವಾಗ ಕೊನೆಯ ‘ಇ’ ಬಿಡಿ, ‘ಎಲ್’ ಒಂದೇ ಹಾಕಿ.