ಜಡೆಯವಳು ಕಾಲು ಅಗಲಿಸಿ ನಿಂತಾಗ

ಗೆಳೆಯನೊಬ್ಬ ಬರೆದ ಕಾಮಿಕ್ಸ್ ಕಥೆಗೆ ಚಿತ್ರ ಬಿಡಿಸಿಕೊಡಲು ಒಪ್ಪಿಕೊಂಡಿದ್ದೆ. ಅಕ್ಕ ತಂಗಿಯರ ಸಾಹಸ. ಅವನ ಟಿಪ್ಪಣಿಯ ಪ್ರಕಾರ ಅಕ್ಕನಿಗೆ ಉದ್ದ ಜಡೆ, ಮೆಲುಮಾತು, ಹೂವಿನ ಹುಚ್ಚು. ತಂಗಿಗೆ ಕತ್ತರಿಸಿದ ಕೂದಲು, ತರಚಿದ ಮಂಡಿ, ಜೊತೆಗೆ ದಪ್ಪಕ್ಷರದಲ್ಲಿ ‘ಉಳಿದ ಹುಡುಗಿಯರಂತಲ್ಲ’. ಒಬ್ಬಳನ್ನು ಹೊಗಳಲು ಉಳಿದವರೆಲ್ಲರನ್ನೂ ಹಳಿಯುವ ಈ ಚಾಳಿ ಎಷ್ಟು ಹಳೆಯದೋ!

ಬೆಳಿಗ್ಗೆ ಇಬ್ಬರನ್ನೂ ಅವನು ಹೇಳಿದಂತೆಯೇ ಬಿಡಿಸಿದೆ. ಆಮೇಲೆ ಚಿತ್ರಕಾರರ ಮಾಮೂಲಿ ಪರೀಕ್ಷೆ: ಒಳಗೆರೆಗಳನ್ನೆಲ್ಲ ಮುಚ್ಚಿ ಆಕೃತಿಗೆ ಪೂರ್ತಿ ಕಪ್ಪು ತುಂಬುವುದು. ಹೊರರೇಖೆಯಿಂದಲೇ ಪಾತ್ರದ ಗುರುತು ಸಿಗಬೇಕು. ಸಿಕ್ಕಿತು, ಆದರೆ ಕೂದಲಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ನಿಲುವು. ಅಕ್ಕ ಮಂಡಿಗಳನ್ನು ಜೋಡಿಸಿ, ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಕಾಗದದ ಮೇಲೆ ಆದಷ್ಟು ಕಡಿಮೆ ಜಾಗದಲ್ಲಿ ಮುದುಡಿದ್ದಳು. ತಂಗಿ ಕಾಲು ಅಗಲಿಸಿ, ಸೊಂಟದ ಮೇಲೆ ಕೈಯಿಟ್ಟು ಅರ್ಧ ಹಾಳೆಯನ್ನೇ ಆಕ್ರಮಿಸಿದ್ದಳು.

ಕುತೂಹಲಕ್ಕೆಂದು ನಿಲುವುಗಳನ್ನು ಅದಲುಬದಲು ಮಾಡಿದೆ. ಜಡೆಯನ್ನಾಗಲಿ ಹೂವನ್ನಾಗಲಿ ಮುಟ್ಟಲಿಲ್ಲ. ಗದ್ದ ಎತ್ತಿ ನಿಂತ ಅಕ್ಕನನ್ನು ಕಂಡು ನನಗೇ ಸ್ವಲ್ಪ ಅಳುಕಾಯಿತು. ಮೊಣಕೈ ಒಳಕ್ಕೆಳೆದುಕೊಂಡ ತಂಗಿಯ ಮುಖದಲ್ಲಿ, ಟಿಪ್ಪಣಿಯಲ್ಲಿ ಎಲ್ಲಿಯೂ ಇಲ್ಲದ ಸಂಕೋಚವೊಂದು ಮೂಡಿತು. ಇಬ್ಬರೂ ಆಗಲೇ ನನಗೆ ಹಿಡಿಸಿದ್ದು.

ಸಂಜೆ ಬಂದ ಗೆಳೆಯ ಒಪ್ಪಲಿಲ್ಲ. “ಓದುಗರಿಗೆ ಗೊಂದಲವಾಗುತ್ತದೆ” ಎಂದ. ನಾನು ‘ಸೈಲರ್ ಮೂನ್’ ಎಂಬ ಜಪಾನಿ ಕಾಮಿಕ್ಸ್ ಸರಣಿಯ ಸೈಲರ್ ಜುಪಿಟರ್‌ಳನ್ನು ಎದುರಿಗಿಟ್ಟೆ. ನಾವೊಕೊ ತಾಕೆಉಚಿ ಸೃಷ್ಟಿಸಿದ ಆ ಹುಡುಗಿ ಎತ್ತರದವಳು, ಮಹಾ ತೋಳ್ಬಲದವಳು; ಹೊಡೆದಾಡಿ ಹಳೆಯ ಶಾಲೆಯಿಂದ ಹೊರಬಿದ್ದವಳೆಂಬ ವದಂತಿ ಬೇರೆ. ಕಿವಿಯಲ್ಲಿ ಮಾತ್ರ ಗುಲಾಬಿಯ ಓಲೆ, ಅಡುಗೆಯಲ್ಲಿ ಎತ್ತಿದ ಕೈ. ಯಾವ ಓದುಗರೂ ಗಲಿಬಿಲಿಗೊಂಡಂತಿಲ್ಲ. ಅವನು ಸುಮ್ಮನಿರುವವನಲ್ಲ, 1953ರಲ್ಲೇ ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಚಿತ್ರಿಸಿದ, ಗಂಡು ಹೃದಯ ಮತ್ತು ಹೆಣ್ಣು ಹೃದಯ ಎರಡನ್ನೂ ಹೊತ್ತು ಹುಟ್ಟಿದ ರಾಜಕುಮಾರಿ ಸಫೈರ್‌ಳನ್ನು ಎಳೆದು ತಂದ. ನನ್ನ ತಕರಾರು ಇರುವುದೇ ಅಲ್ಲಿ: ಕತ್ತಿ ಹಿಡಿಯುವ ಕಸುವು ಗಂಡು ಹೃದಯದ ಲೆಕ್ಕಕ್ಕೇ ಏಕೆ ಹೋಗಬೇಕು? ಅವನು ಗೊಣಗುತ್ತಲೇ ತನ್ನ ದಪ್ಪಕ್ಷರದ ಸಾಲನ್ನು ಹೊಡೆದುಹಾಕಿದ.

ನಿಜವಾದ ಜಟಾಪಟಿ ನಡೆದದ್ದು ಕೊನೆಯ ಅಧ್ಯಾಯದ ಮೇಲೆ. ತಂಗಿ ಗೌನ್ ತೊಟ್ಟು ಮೆಟ್ಟಿಲಿಳಿದು ಬರುತ್ತಾಳೆ, ನೆರೆದವರೆಲ್ಲ ಬಾಯಿ ಬಿಟ್ಟು ನೋಡುತ್ತಾರೆ. ಹಾಗಾದರೆ ಅಲ್ಲಿಯ ತನಕ ಅವಳೇನು ಕರಡು ಪ್ರತಿಯೇ? ಆ ಪುಟ ಬಿಡಿಸುವುದಿಲ್ಲ ಎಂದೆ.

“ಗೌನ್ ಬೇಡವೆಂದರೆ ತೆಗೆಯೋಣ.”

“ಗೌನ್ ಇರಲಿ. ಬಾಯಿ ಬಿಡುವುದು ಬೇಡ.”

ರಾತ್ರಿ ಊಟದ ಹೊತ್ತಿಗೆ ಒಂದು ರಾಜಿಯಾಯಿತು. ತಂಗಿ ಗೌನ್ ತೊಟ್ಟೇ ಇಳಿಯುತ್ತಾಳೆ, ಯಾರೂ ತಿರುಗಿ ನೋಡುವುದಿಲ್ಲ. ಅಕ್ಕನೊಬ್ಬಳು ಅದಕ್ಕೆ ಜೇಬಿದೆಯೇ ಎಂದು ಕೇಳುತ್ತಾಳೆ. ಇದೆ ಎನ್ನುತ್ತಾಳೆ ತಂಗಿ. ಜೇಬು ಒಂದೋ ಎರಡೋ ಎಂಬುದು ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ.